ಮೊದಲು ಗಾಳಿಗೆ ಗದರಿಕೆ, ಆಮೇಲೆ ಶಿಷ್ಯರಿಗೆ ಪ್ರಶ್ನೆ: ಬಿರುಗಾಳಿಯ ಪ್ರಬೋಧನೆಗಳ ಒಂದು ವಿಮರ್ಶೆ

ಮಾರ್ಕನ ಶುಭಸಂದೇಶದ ನಾಲ್ಕನೆಯ ಅಧ್ಯಾಯದ ಕೊನೆಯ ಏಳು ವಾಕ್ಯಗಳಷ್ಟು (4:35–41) ನಮ್ಮ ಬಲಿಪೀಠಗಳಿಂದ ಪದೇ ಪದೇ ಬಳಕೆಯಾಗುವ ಭಾಗಗಳು ವಿರಳ. ಸಾಧಾರಣ ಕಾಲದ 12ನೆಯ ಭಾನುವಾರ 'ಬಿ' ವರ್ಷದಲ್ಲಿ ಅವು ವಾಚನವಾಗಿ ಬರುತ್ತವೆ. ಆ ಭಾನುವಾರವಲ್ಲದೆ ಮರಣದ ಮನೆಯಲ್ಲಿ, ರೋಗಿಗಳ ಪ್ರಾರ್ಥನಾಕೂಟದಲ್ಲಿ, ತಪಸ್ಸು ಕಾಲದ ಧ್ಯಾನಕೂಟದಲ್ಲಿ, ನೆರೆ ಬಂದ ಊರಿನಲ್ಲಿ, ಬೆಳೆ ಹೋದ ಊರಿನಲ್ಲಿ ಅದೇ ದೋಣಿ, ಅದೇ ಅಲೆ, ಅದೇ ನಿದ್ರಿಸುವ ಪ್ರಭು ನಮ್ಮ ನೆರವಿಗೆ ಬರುತ್ತಾರೆ. ಹೀಗೆ ಹೇಳಿ ಹೇಳಿ ಈ ಪ್ರಬೋಧನೆಗೆ ಒಂದು ಸಿದ್ಧರೂಪ ಬಂದುಬಿಟ್ಟಿದೆ. ಸಿದ್ಧರೂಪ ತಳೆದ ಯಾವುದೇ ಮಾತು ವಿಮರ್ಶೆಗೆ ಅರ್ಹ. ಅದರಲ್ಲಿಯೂ ನೊಂದವರ ಮುಂದೆ ದೇವರ ಹೆಸರಿನಲ್ಲಿ ಆಡುವ ಮಾತಿಗೆ ವಿಮರ್ಶೆಯಿಂದ ವಿನಾಯಿತಿ ಇರಲಾರದು.

ಈ ಸಿದ್ಧರೂಪದ ಅಂಗಗಳು ಮೂರು. ಮೊದಲನೆಯದು ಸಾಮ್ಯ: ಗಲಿಲೇಯದ ಸರೋವರದಲ್ಲಿ ಎದ್ದ ಬಿರುಗಾಳಿಯಂತೆ ನಮ್ಮ ಬಾಳಿನಲ್ಲಿಯೂ ರೋಗ, ಸಾಲ, ಸೋಲು, ಸಾವು ಹೇಳದೆ ಕೇಳದೆ ಎದ್ದುಬರುತ್ತವೆ. ಎರಡನೆಯದು ಸಾಂತ್ವನ: ಪ್ರಭು ನಿದ್ರಿಸುತ್ತಿರುವಂತೆ ಕಂಡರೂ ದೋಣಿಯಲ್ಲಿಯೇ ಇದ್ದಾರೆ. ಮೂರನೆಯದು ಪಾಠ: ಬಿರುಗಾಳಿ ನಮ್ಮ ವಿಶ್ವಾಸವನ್ನು ಪರೀಕ್ಷಿಸಲು, ನಮ್ಮ ಅಹಂಕಾರವನ್ನು ಮುರಿಯಲು ಬಂದದ್ದು, ಆದುದರಿಂದ ಅದಕ್ಕೆ ನಾವು ಕೃತಜ್ಞರಾಗಿರಬೇಕು. ಮೊದಲ ಎರಡು ಅಂಗಗಳ ಬಗೆಗೆ ನನ್ನ ತಕರಾರು ಅಲ್ಪ. ಎಷ್ಟೋ ನೊಂದ ಮನಸ್ಸುಗಳು ಆ ಮಾತುಗಳನ್ನು ಹಿಡಿದು ರಾತ್ರಿಗಳನ್ನು ಕಳೆದಿವೆ; ಅವನ್ನು ಹಗುರವಾಗಿ ಕಾಣುವುದು ಗುರುಧರ್ಮವಲ್ಲ. ವಿಮರ್ಶೆ ಬೇಕಾಗಿರುವುದು ಮೂರನೆಯ ಅಂಗಕ್ಕೆ. ಪಾಠವನ್ನು ಯಾವಾಗ ಹೇಳಬೇಕು, ಯಾರು ಹೇಳಬೇಕು, ಯಾವ ಬಿರುಗಾಳಿಯ ಬಗೆಗೆ ಹೇಳಬೇಕು ಎಂಬ ಮೂರು ಪ್ರಶ್ನೆಗಳನ್ನು ಈ ಪ್ರಬೋಧನೆ ತನಗೆ ತಾನೇ ಕೇಳಿಕೊಳ್ಳುವುದೇ ಇಲ್ಲ. ಆಶ್ಚರ್ಯವೆಂದರೆ, ಅದು ಆಧಾರವಾಗಿಟ್ಟುಕೊಂಡ ಶುಭಸಂದೇಶದ ಪಠ್ಯ ಆ ಮೂರನ್ನೂ ಕೇಳುತ್ತದೆ.

1. ಪಠ್ಯದ ಅನುಕ್ರಮ

ಯಾವಾಗ ಎಂಬ ಪ್ರಶ್ನೆಯಿಂದ ತೊಡಗೋಣ. ಮಾರ್ಕನಲ್ಲಿ ಘಟನೆಗಳ ಅನುಕ್ರಮ ಸ್ಪಷ್ಟವಾಗಿದೆ. ಶಿಷ್ಯರು ಯೇಸುವನ್ನು ಎಬ್ಬಿಸುತ್ತಾರೆ. ಎಬ್ಬಿಸುವಾಗ ಅವರು ಬೇಡುವುದಿಲ್ಲ, ದೂರುತ್ತಾರೆ. ತಾವು ಸಾಯುತ್ತಿದ್ದರೂ ಗುರುವಿಗೆ ಚಿಂತೆಯೇ ಇಲ್ಲವೇ ಎಂಬುದು ಅವರ ದೂರು (4:38). ಯೇಸು ಎದ್ದು ಮೊದಲು ಗಾಳಿಯನ್ನು ಗದರಿಸುತ್ತಾರೆ, ಸರೋವರಕ್ಕೆ ಆಜ್ಞೆ ಮಾಡುತ್ತಾರೆ, ಶಾಂತಿ ನೆಲೆಸುತ್ತದೆ (4:39). ಅವರ ಭಯವನ್ನೂ ವಿಶ್ವಾಸದ ಕೊರತೆಯನ್ನೂ ಕುರಿತ ಪ್ರಶ್ನೆ ಬರುವುದು ಅದರ ನಂತರ (4:40). ಲೂಕನಲ್ಲಿಯೂ ಕ್ರಮ ಇದೇ (8:24–25). ಮತ್ತಾಯನಲ್ಲಿ ಮಾತ್ರ ಕ್ರಮ ತಿರುಗಿದೆ: ಅಲೆಗಳು ಇನ್ನೂ ದೋಣಿಯನ್ನು ಮುಚ್ಚುತ್ತಿರುವಾಗಲೇ ಅಲ್ಪವಿಶ್ವಾಸದ ಪ್ರಶ್ನೆ, ಆಮೇಲೆ ಗಾಳಿಗೆ ಗದರಿಕೆ (8:26).

ಈ ವ್ಯತ್ಯಾಸ ಆಕಸ್ಮಿಕವಲ್ಲ. 1948ರಲ್ಲಿ ಗುಂಥರ್ ಬೋರ್ನ್‌ಕಾಮ್ ಬರೆದ ಪ್ರಸಿದ್ಧ ಲೇಖನ ಮತ್ತಾಯನ ಈ ಬದಲಾವಣೆಯನ್ನು ಎತ್ತಿ ತೋರಿಸಿ, ಶುಭಸಂದೇಶಕಾರರು ಸಂಗ್ರಹಕಾರರಷ್ಟೇ ಅಲ್ಲ, ಮೊದಲ ವ್ಯಾಖ್ಯಾನಕಾರರೂ ಹೌದು ಎಂಬ ಅರಿವಿಗೆ ದಾರಿಮಾಡಿತು. ಮತ್ತಾಯ ಈ ಪ್ರಸಂಗವನ್ನು ಶಿಷ್ಯತ್ವದ ಕುರಿತ ಎರಡು ಸಂಭಾಷಣೆಗಳ ಬೆನ್ನಿಗೇ ಇಟ್ಟಿದ್ದಾನೆ (8:18–22). ಅವನ ಶಿಷ್ಯರು ಯೇಸುವನ್ನು ಹಿಂಬಾಲಿಸಿ ದೋಣಿ ಹತ್ತುತ್ತಾರೆ. ಅವರ ಕೂಗು ದೂರಾಗಿರದೆ ಪ್ರಾರ್ಥನೆಯಾಗಿದೆ. ಗಾಳಿಗೆ ಮಾರ್ಕ ಬಳಸುವ 'ಲೈಲಾಪ್ಸ್' ಎಂಬ ಪದದ ಬದಲು ಭೂಕಂಪವನ್ನು ಸೂಚಿಸುವ 'ಸೆಯ್ಸ್ಮೊಸ್' ಎಂಬ ಪದ ಬಂದಿದೆ. ಅಂದರೆ ಮತ್ತಾಯನ ದೋಣಿ ಧರ್ಮಸಭೆಯೇ. ಸ್ವಇಚ್ಛೆಯಿಂದ ಹಿಂಬಾಲಿಸಿ ಬಂದವರಿಗೆ ಬಿರುಗಾಳಿಯ ನಡುವೆಯೂ ಪ್ರಶ್ನೆ ಕೇಳಬಹುದು. ಅದಕ್ಕೆ ಒಂದು ಹಿನ್ನೆಲೆ ಇದೆ, ಒಂದು ಒಡಂಬಡಿಕೆ ಇದೆ.

ನಮ್ಮ ಪ್ರಬೋಧನೆಗಳಲ್ಲಿ ಆಗುತ್ತಿರುವುದು ಬೇರೆ. ನಾವು ಮಾರ್ಕನನ್ನು ಓದಿ ಮತ್ತಾಯನ ಕ್ರಮದಲ್ಲಿ ಬೋಧಿಸುತ್ತೇವೆ. ಅದೂ ಮತ್ತಾಯನ ಗಾಳಿಗೆ ಗದರಿಕೆಯನ್ನು ಬಿಟ್ಟು, ಪ್ರಶ್ನೆಯನ್ನಷ್ಟೇ ಉಳಿಸಿಕೊಂಡು. ಮುಳುಗುತ್ತಿರುವವನಿಗೆ ನಿನ್ನ ವಿಶ್ವಾಸವೆಲ್ಲಿ ಎನ್ನುತ್ತೇವೆ. ನೀರು ಇಳಿಸುವ ಕೆಲಸಕ್ಕೆ ನಮ್ಮ ಮಾತಿನಲ್ಲಿ ಜಾಗವಿಲ್ಲ. ಮಾರ್ಕನ ಯೇಸು ದೂರಿಗೆ ಉತ್ತರವಾಗಿ ಉಪದೇಶ ಮಾಡಲಿಲ್ಲ. ಚಿಂತೆಯಿಲ್ಲವೇ ಎಂಬ ಪ್ರಶ್ನೆಗೆ ಅವರು ಕೊಟ್ಟ ಉತ್ತರ ಒಂದು ಕಾರ್ಯ. ಸರೋವರಕ್ಕೆ ಅವರು ಆಡುವ ಮಾತಿನ ಮೂಲದಲ್ಲಿರುವ ಕ್ರಿಯಾಪದ ಬಾಯಿಗೆ ಕುಕ್ಕೆ ಹಾಕುವುದನ್ನು ಸೂಚಿಸುತ್ತದೆ; ಕಫೆರ್ನವುಮಿನ ಪ್ರಾರ್ಥನಾಮಂದಿರದಲ್ಲಿ ದುರಾತ್ಮಕ್ಕೆ ಆಡಿದ ಮಾತೂ ಅದೇ (1:25). ಆದುದರಿಂದ ಮಾರ್ಕನ ದೃಷ್ಟಿಯಲ್ಲಿ ಈ ಬಿರುಗಾಳಿ ದೇವರು ಕಳುಹಿಸಿದ ಶಿಕ್ಷಕನಲ್ಲ, ದೇವಪುತ್ರ ಬಾಯಿ ಮುಚ್ಚಿಸಬೇಕಾದ ಎದುರಾಳಿ. ಯಾರ ಬಾಯಿಯನ್ನು ಯೇಸು ಮುಚ್ಚಿಸಿದರೋ ಅದರ ಬಾಯಿಯಿಂದ ನಾವು ಪಾಠ ಹೇಳಿಸುತ್ತಿದ್ದೇವೆ.

ಇದೇ ಅನುಕ್ರಮ ಹಳೆಯ ಒಡಂಬಡಿಕೆಯಲ್ಲಿಯೂ ಇದೆ. ಎಲೀಯ ಜಾಲಿಯಂಥ ಗಿಡದ ಕೆಳಗೆ ಮಲಗಿ ಸಾವನ್ನು ಬೇಡಿದಾಗ ದೇವದೂತ ಅವನನ್ನು ಗದರಿಸಲಿಲ್ಲ, ಅವನ ನಿರಾಶೆಗೆ ಅರ್ಥ ಹೇಳಲಿಲ್ಲ. ರೊಟ್ಟಿ ಮತ್ತು ನೀರನ್ನು ಇಟ್ಟ. ಪ್ರವಾದಿ ತಿಂದು ಮತ್ತೆ ಮಲಗಿದ. ದೂತ ಮತ್ತೊಮ್ಮೆ ಉಣಿಸಿದ (1 ಅರಸುಗಳು 19:4–8). ಇಲ್ಲೇನು ಮಾಡುತ್ತಿರುವೆ ಎಂಬ ದೇವರ ಪ್ರಶ್ನೆ ಬಂದದ್ದು ನಲವತ್ತು ದಿನಗಳ ನಡಿಗೆಯ ನಂತರ, ಹೋರೇಬಿನಲ್ಲಿ. ದೈವಿಕ ಶಿಕ್ಷಣದಲ್ಲಿ ಅನ್ನ ಮೊದಲು, ಪ್ರಶ್ನೆ ಆಮೇಲೆ.

2. ಮೂರು ಬಿರುಗಾಳಿಗಳು

ಯಾವ ಬಿರುಗಾಳಿ ಎಂಬುದು ಮುಂದಿನ ಪ್ರಶ್ನೆ. ಪವಿತ್ರ ಗ್ರಂಥದಲ್ಲಿ ಬಿರುಗಾಳಿಗೆ ಸಿಕ್ಕ ಮೂರು ಪ್ರಯಾಣಗಳು ನಮ್ಮ ಬೋಧನೆಯಲ್ಲಿ ಒಂದೇ ಅಚ್ಚಿಗೆ ಬೀಳುತ್ತವೆ. ಅವುಗಳ ಮೂಲ ಬೇರೆ ಬೇರೆ.

ಯೋನನ ಬಿರುಗಾಳಿ ಪಲಾಯನದ ಫಲ. ದೇವರ ಕರೆಗೆ ಬೆನ್ನು ತಿರುಗಿಸಿ ತಾರ್ಷೀಷಿಗೆ ಹಡಗು ಹತ್ತಿದವನ ಬೆನ್ನಟ್ಟಿ ಅದು ಬಂತು. ಅಲ್ಲಿ ಪಾಠವಿದೆ; ಆದರೆ ಆ ಪಾಠ ಹಡಗಿನ ಪರಧರ್ಮೀಯ ನಾವಿಕರಿಗೆ ಸಂಬಂಧಿಸಿದ್ದಲ್ಲ. ಅವರು ತಮ್ಮದಲ್ಲದ ತಪ್ಪಿಗೆ ಸರಕನ್ನು ಸಮುದ್ರಕ್ಕೆ ಎಸೆದರು, ಆದರೂ ಯೋನನನ್ನು ಎಸೆಯಲು ಹಿಂಜರಿದು ದಡ ಸೇರಲು ಹುಟ್ಟು ಹಾಕಿದರು. ತಪ್ಪನ್ನು ಒಪ್ಪಿಕೊಂಡವನು ಪ್ರವಾದಿಯೇ; ಬಿರುಗಾಳಿ ತನ್ನಿಂದಾಗಿ ಬಂತೆಂದು ಅವನೇ ಹೇಳಿದ (1:12), ಬೇರೆಯವರು ಅವನ ಮೇಲೆ ಹೊರಿಸಿದ ಅರ್ಥ ಅದಲ್ಲ.

ಶಿಷ್ಯರ ಬಿರುಗಾಳಿ ವಿಧೇಯತೆಯ ಫಲ. ಆಚೆಯ ದಡಕ್ಕೆ ಹೋಗೋಣವೆಂದವರು ಯೇಸುವೇ (ಮಾರ್ಕ 4:35). ಕರೆದಲ್ಲಿಗೆ ಹೋದುದಕ್ಕೇ ಅವರು ಅಲೆಗೆ ಸಿಕ್ಕಿದರು. ಇಲ್ಲಿ ತಪ್ಪನ್ನು ಹುಡುಕುವುದೇ ತಪ್ಪು.

ಪೌಲನ ಬಿರುಗಾಳಿ ಅನ್ಯರ ನಿರ್ಧಾರದ ಫಲ. ಪ್ರೇಷಿತರ ಕಾರ್ಯಕಲಾಪಗಳ 27ನೆಯ ಅಧ್ಯಾಯವನ್ನು ನಾವು ಅಪರೂಪಕ್ಕೆ ಬೋಧಿಸುತ್ತೇವೆ, ಬೋಧಿಸಿದರೂ ದೇವದೂತನ ದರ್ಶನಕ್ಕೆ ನೇರವಾಗಿ ಹೋಗುತ್ತೇವೆ. ಲೂಕ ಮಾತ್ರ ಅವಸರಪಡುವುದಿಲ್ಲ. ಉಪವಾಸದ ದಿನ ಕಳೆದು ಪಯಣ ಅಪಾಯಕರವಾಗಿತ್ತು, ಪೌಲ ಎಚ್ಚರಿಸಿದ, ಶತಾಧಿಪತಿ ಪೌಲನ ಮಾತಿಗಿಂತ ಚುಕ್ಕಾಣಿಗನ ಮತ್ತು ಹಡಗಿನ ಒಡೆಯನ ಮಾತಿಗೆ ಬೆಲೆ ಕೊಟ್ಟ, ಆ ಬಂದರು ಚಳಿಗಾಲ ಕಳೆಯಲು ಅನುಕೂಲವಲ್ಲವೆಂದು ಬಹುಮತ ತೀರ್ಮಾನವಾಯಿತು (27:9–12). ಬಿರುಗಾಳಿ ಅನಿರೀಕ್ಷಿತವಾಗಿರಲಿಲ್ಲ, ಕೇಳಿಸಿಕೊಳ್ಳದವರಿಗೆ ಮಾತ್ರ ಅದು ಅನಿರೀಕ್ಷಿತ. ಆ ಹಡಗಿನಲ್ಲಿದ್ದ 276 ಜನರಲ್ಲಿ ತೀರ್ಮಾನ ತೆಗೆದುಕೊಂಡವರು ಕೆಲವರು, ಅಲೆಯನ್ನು ಉಂಡವರು ಎಲ್ಲರೂ. ಕೈದಿಗಳಿಗಂತೂ ಮತವೇ ಇರಲಿಲ್ಲ. ಪೌಲನ ಗುರುತ್ವ ಕಾಣುವುದು ಇಲ್ಲಿಯೇ: ತನ್ನ ಮಾತು ಕೇಳಬೇಕಿತ್ತೆಂದು ಅವನು ಒಮ್ಮೆ ನೆನಪಿಸುತ್ತಾನೆ (27:21), ಸತ್ಯವನ್ನು ಮುಚ್ಚಿಡುವುದಿಲ್ಲ, ಆದರೆ ಅಲ್ಲಿಗೇ ನಿಲ್ಲದೆ ಧೈರ್ಯ ಹೇಳುತ್ತಾನೆ, ನಾವಿಕರು ಸಣ್ಣ ದೋಣಿಯಲ್ಲಿ ತಪ್ಪಿಸಿಕೊಳ್ಳುವುದನ್ನು ತಡೆಯುತ್ತಾನೆ, ಹದಿನಾಲ್ಕು ದಿನ ಹಸಿದವರಿಗೆ ಊಟ ಮಾಡಿಸುತ್ತಾನೆ.

ಮೂಲ ಬೇರೆಯಾದಾಗ ಪ್ರಬೋಧನೆಯೂ ಬೇರೆಯಾಗಬೇಕು. ಯೋನನಿಗೆ ಮನಪರಿವರ್ತನೆಯ ಕರೆ, ಶಿಷ್ಯರಿಗೆ ಭರವಸೆ, ಪೌಲನ ಸಹಪ್ರಯಾಣಿಕರಿಗೆ ಸತ್ಯ ಮತ್ತು ಅನ್ನ. ವಿಧೇಯರಿಗೆ ಯೋನನ ಪಾಠ ಹೇಳುವುದು ಯೋಬನ ಸ್ನೇಹಿತರ ತಪ್ಪು. ಅನ್ಯರ ನಿರ್ಧಾರಕ್ಕೆ ಸಿಕ್ಕು ನೊಂದವರಿಗೆ ವಿಶ್ವಾಸದ ಪರೀಕ್ಷೆ ಎಂದಷ್ಟೇ ಹೇಳುವುದು ಹಡಗಿನ ಒಡೆಯನಿಗೆ ಮಾಡುವ ಉಪಕಾರ.

3. ಹತ್ತೊಂಬತ್ತನೆಯ ಗೇಟು ಮತ್ತು ಸಿಲೋವಾಮಿನ ಗೋಪುರ

ಈ ವಿಂಗಡಣೆ ಗ್ರಂಥಾಲಯದ ವ್ಯಾಯಾಮವಲ್ಲ ಎಂಬುದನ್ನು ನಮ್ಮ ನೆಲವೇ ತೋರಿಸಿತು. 2024 'ಬಿ' ವರ್ಷ. ಜೂನ್ 23ರ ಭಾನುವಾರ ನಮ್ಮೆಲ್ಲರ ದೇವಾಲಯಗಳಲ್ಲಿ ಮಾರ್ಕನ ಬಿರುಗಾಳಿ ವಾಚನವಾಯಿತು. ಏಳು ವಾರಗಳ ನಂತರ, ಆಗಸ್ಟ್ 10ರ ಶನಿವಾರ ರಾತ್ರಿ, ಹೊಸಪೇಟೆಯ ಬಳಿಯ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ ಹತ್ತೊಂಬತ್ತನೆಯದರ ಸರಪಳಿ ತುಂಡಾಗಿ ಗೇಟು ನೀರಿನಲ್ಲಿ ಕೊಚ್ಚಿಹೋಯಿತು. ಆ ಒಂದು ಕಿಂಡಿಯಿಂದಲೇ ಸುಮಾರು 35,000 ಕ್ಯೂಸೆಕ್ ನೀರು ಧುಮುಕಿತು. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. 105 ಟಿಎಂಸಿ ಅಡಿಗೂ ತುಸು ಹೆಚ್ಚು ಸಾಮರ್ಥ್ಯದ ಜಲಾಶಯ ಬಹುತೇಕ ತುಂಬಿ ನಿಂತಿದ್ದ ಹೊತ್ತು ಅದು. ಬಳ್ಳಾರಿ, ಕುರುಗೋಡು, ಸಿರುಗುಪ್ಪ ಸೀಮೆಯಲ್ಲಿ ಭತ್ತದ ನಾಟಿಯ ಕಾಲ. ಬೆಳಗಾಗುವಷ್ಟರಲ್ಲಿ ಕಾಲುವೆಯನ್ನು ನಂಬಿದ ಪ್ರತಿಯೊಂದು ಮನೆಯಲ್ಲಿ ಒಂದೇ ಲೆಕ್ಕ: ಈ ಬೆಳೆಗೆ ನೀರು ಉಳಿಯುವುದೇ, ಎರಡನೆಯ ಬೆಳೆ ಇದೆಯೇ, ಗೊಬ್ಬರದ ಅಂಗಡಿಯ ಸಾಲ ತೀರುವುದೇ.

ಆ ಬೆಳಗು ಭಾನುವಾರ; ಸಾಧಾರಣ ಕಾಲದ 19ನೆಯ ಭಾನುವಾರ. ಅಂದಿನ ಮೊದಲ ವಾಚನ ಯಾವುದೆಂದು ಪಂಚಾಂಗ ತೆರೆದು ನೋಡಿದವರಿಗೆ ಗೊತ್ತು: ಸಾಕಾಯಿತೆಂದು ಮಲಗಿದ ಎಲೀಯ, ರೊಟ್ಟಿ ಹಿಡಿದು ಬಂದ ದೇವದೂತ. ಅಂದು ಪ್ರಬೋಧಕರಿಗೆ ಹೊಸ ದೃಷ್ಟಾಂತ ಹುಡುಕುವ ಅಗತ್ಯವಿರಲಿಲ್ಲ. ಆದರೆ ಆ ವಾರ ಮತ್ತು ಮುಂದಿನ ವಾರಗಳಲ್ಲಿ ನಮ್ಮ ಮಾತುಗಳು ಹೆಚ್ಚಾಗಿ ಹರಿದದ್ದು ಹಳೆಯ ಅಚ್ಚಿನ ಕಡೆಗೇ: ಜೀವನದ ಅನಿರೀಕ್ಷಿತ ಬಿರುಗಾಳಿ, ಮಾನವ ನಿರ್ಮಿತಿಯ ನಶ್ವರತೆ, ದೇವರಲ್ಲಿ ಮಾತ್ರ ಭರವಸೆ. ಮಾತು ಸುಳ್ಳಲ್ಲ. ಆದರೆ ಅಂದು ರಾತ್ರಿ ಬಿರುಗಾಳಿ ಎದ್ದಿರಲಿಲ್ಲ. ತುಂಡಾದದ್ದು ಸರಪಳಿ. 1953ರಿಂದ ನೀರು ಹಿಡಿದ ಅಣೆಕಟ್ಟಿನಲ್ಲಿ ಕಬ್ಬಿಣ ಸವೆಯುವುದು ಒಂದು ರಾತ್ರಿಯ ಕೆಲಸವಲ್ಲ. ಕಾರಣಗಳ ತೀರ್ಪು ತಜ್ಞರದು. ಆದರೆ ಕಬ್ಬಿಣದ ವಯಸ್ಸಿಗೆ ದೇವರ ಚಿತ್ತವೆಂಬ ಹೆಸರಿಡುವ ಅಧಿಕಾರ ಪ್ರಬೋಧಕನಿಗೂ ಇಲ್ಲ. ಇದು ಶಿಷ್ಯರ ಬಿರುಗಾಳಿಗಿಂತ ಪೌಲನ ಬಿರುಗಾಳಿಗೆ ಹತ್ತಿರವಾದದ್ದು.

ಇಂಥ ಸಂದರ್ಭಕ್ಕೆ ಯೇಸುವಿನ ಮಾತೇ ನಮ್ಮಲ್ಲಿದೆ. ಸಿಲೋವಾಮಿನ ಗೋಪುರ ಕುಸಿದು ಹದಿನೆಂಟು ಮಂದಿ ಸತ್ತ ಸುದ್ದಿಯನ್ನು ಅವರು ತಾವಾಗಿಯೇ ಎತ್ತಿಕೊಂಡು, ಸತ್ತವರು ಜೆರುಸಲೇಮಿನ ಉಳಿದವರಿಗಿಂತ ಹೆಚ್ಚು ಪಾಪಿಗಳಾಗಿದ್ದರೆಂದು ಭಾವಿಸಬೇಡಿರೆನ್ನುತ್ತಾರೆ (ಲೂಕ 13:4–5). ಪಾಠವಿಲ್ಲವೆಂದೂ ಅವರು ಹೇಳುವುದಿಲ್ಲ. ಪಾಠದ ದಿಕ್ಕನ್ನು ಬದಲಿಸುತ್ತಾರೆ: ಅದು ಗೋಪುರದಡಿ ಸಿಕ್ಕವರಿಗಲ್ಲ, ಹೊರಗೆ ನಿಂತು ಸುದ್ದಿ ಆಡುತ್ತಿರುವವರಿಗೆ. ಮನಪರಿವರ್ತನೆಯ ಕರೆ ಬದುಕಿ ಉಳಿದವರದು. ತುಂಗಭದ್ರೆಯ ಪ್ರಸಂಗದಲ್ಲಿ ಇದರ ಅರ್ಥ ನೇರವಾಗಿದೆ. ಸಸಿಮಡಿ ಮುಂದೆ ಕುಳಿತ ರೈತ ಏನು ಕಲಿಯಬೇಕು ಎಂದು ಕೇಳುವ ಮೊದಲು, ನೀರು ಹಂಚಿಕೊಳ್ಳುವ ನಾವು, ನೀರಿನ ಮೇಲೆ ಊರು ಕಟ್ಟಿದ ನಾವು, ಯಂತ್ರಗಳ ಪಾಲನೆಯನ್ನು ಯಾರದೋ ಕೆಲಸವೆಂದು ಬಿಟ್ಟ ಸಮಾಜವಾದ ನಾವು ಏನು ಕಲಿಯಬೇಕು ಎಂದು ಕೇಳಬೇಕು.

ಆ ಘಟನೆಯಲ್ಲಿ ಕೃಪೆಯನ್ನು ತೋರಿಸಬೇಕಿದ್ದರೆ ಅದಕ್ಕೂ ಜಾಗವಿತ್ತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕಾರ್ಮಿಕರು ಹರಿಯುವ ನೀರಿನಲ್ಲಿಯೇ ಉಕ್ಕಿನ ತಡೆಹಲಗೆಗಳನ್ನು ಇಳಿಸಿ ಒಂದು ವಾರದೊಳಗೆ ಆ ಕಿಂಡಿಯನ್ನು ಮುಚ್ಚಿದರು. ಮಾರ್ಕನ ಶುಭಸಂದೇಶದ ಅನುಕ್ರಮ ಅಲ್ಲಿತ್ತು: ಮೊದಲು ನೀರಿಗೆ ಕುಕ್ಕೆ, ಪ್ರಶ್ನೆ ಆಮೇಲೆ. ಆಮೇಲೆ ಮಳೆ ಬಂದು ಜಲಾಶಯ ಮತ್ತೆ ತುಂಬಿದಾಗ ನಾವು ದೇವರನ್ನು ಸ್ತುತಿಸಿದೆವು, ಸ್ತುತಿಸಬೇಕಾದದ್ದೇ. ಆದರೆ ಯೋಬನಿಗೆ ಮಕ್ಕಳು ಮರಳಿ ಹುಟ್ಟಿದರೆಂದು ಮೊದಲಿನ ಮಕ್ಕಳ ಸಾವಿಗೆ ಉತ್ತರ ಸಿಕ್ಕಂತಾಗಲಿಲ್ಲ. ತುಂಬಿದ ಕೆರೆ ಪ್ರಶ್ನೆಯನ್ನು ಮುಳುಗಿಸಬಾರದು.

4. ಬೇರೆ ದೋಣಿಗಳು

ಮಾರ್ಕನಲ್ಲಿ ಮಾತ್ರ ಇರುವ ಒಂದು ಚಿಕ್ಕ ವಿವರ ನಮ್ಮ ಪ್ರಬೋಧನೆಗಳಲ್ಲಿ ಬಹುತೇಕ ಕಳೆದುಹೋಗಿದೆ. ಯೇಸುವಿನ ದೋಣಿಯ ಜೊತೆಗೆ ಬೇರೆ ದೋಣಿಗಳೂ ಇದ್ದವು (4:36). ಅವುಗಳಲ್ಲಿ ಯಾರಿದ್ದರು, ಅವುಗಳಿಗೇನಾಯಿತು ಎಂದು ಶುಭಸಂದೇಶಕಾರ ಹೇಳುವುದಿಲ್ಲ. ಆದರೆ ಗಾಳಿ ನಿಂತಾಗ ಅದು ಅವರಿಗೂ ನಿಂತಿತು. ಯೇಸುವನ್ನು ಎಬ್ಬಿಸದವರೂ, ಅವರಾರೆಂದು ಅರಿಯದವರೂ ಅದೇ ಶಾಂತಿಯಲ್ಲಿ ಉಳಿದರು. ನನ್ನ ಬಾಳು, ನನ್ನ ದೋಣಿ, ನನ್ನ ಬಿರುಗಾಳಿ ಎಂದು ಏಕವಚನದಲ್ಲಿ ಸಾಗುವ ಬೋಧನೆ ಈ ವಾಕ್ಯವನ್ನು ಓದಿಯೂ ಓದದಂತೆ ದಾಟುತ್ತದೆ.

ಈ ದೃಷ್ಟಿಯಿಂದ ನಮ್ಮ ಕಾಲದ ಅತಿ ಪ್ರಸಿದ್ಧ ಬಿರುಗಾಳಿಯ ಪ್ರಬೋಧನೆಯನ್ನು ಪರಿಶೀಲಿಸಬಹುದು. 2020ರ ಮಾರ್ಚ್ 27ರ ಸಂಜೆ, ಮಳೆ ಸುರಿಯುತ್ತಿದ್ದ, ಜನರಿಲ್ಲದ ಸಂತ ಪೇತ್ರರ ಚೌಕದಲ್ಲಿ ಜಗದ್ಗುರು ಫ್ರಾನ್ಸಿಸ್ ಇದೇ ಏಳು ವಾಕ್ಯಗಳ ಮೇಲೆ ಧ್ಯಾನಿಸಿದರು. ಆ ಧ್ಯಾನದ ಶಕ್ತಿ ಮೂರು ಕಡೆ ಇದೆ. ಮೊದಲನೆಯದಾಗಿ, ಅದು ವ್ಯಾಧಿಯನ್ನು ದೇವರ ತೀರ್ಪೆಂದು ಕರೆಯಲು ನಿರಾಕರಿಸಿ, ತೀರ್ಮಾನಿಸಬೇಕಾದವರು ನಾವೇ ಎಂದಿತು; ಯಾವುದು ಮುಖ್ಯ, ಯಾವುದು ಕ್ಷಣಿಕ ಎಂದು ಆರಿಸುವ ಹೊಣೆ ನಮ್ಮದೆಂದಿತು. ಎರಡನೆಯದಾಗಿ, ಪಾಠ ಹೇಳುವಾಗ ಅದು ಉತ್ತಮ ಪುರುಷ ಬಹುವಚನವನ್ನು ಬಿಡಲಿಲ್ಲ: ಬಡವರ ಮತ್ತು ಭೂಮಿಯ ಕೂಗಿಗೆ ಕಿವಿಗೊಡದವರು ಬೇರೆ ಯಾರೋ ಅಲ್ಲ, ನಾವು. ಮೂರನೆಯದಾಗಿ, ವೈದ್ಯರು, ದಾದಿಯರು, ಅಂಗಡಿಯ ಕೆಲಸಗಾರರು, ಶುಚಿಗೊಳಿಸುವವರು, ವಾಹನ ಚಾಲಕರು ಇವರನ್ನೆಲ್ಲ ಅದು ಹೆಸರಿಸಿತು. ದೋಣಿಯನ್ನು ತೇಲಿಸುತ್ತಿದ್ದವರು ಅವರೇ ಎಂದು ಕಂಡಿತು.

ಆದರೂ ಗೌರವದಿಂದಲೇ ಒಂದು ಪ್ರಶ್ನೆ ಎತ್ತಬೇಕಾಗುತ್ತದೆ. ನಾವೆಲ್ಲರೂ ಒಂದೇ ದೋಣಿಯಲ್ಲಿದ್ದೇವೆ ಎಂಬುದು ಆ ಧ್ಯಾನದ ಕೇಂದ್ರ ರೂಪಕ. ಅದಕ್ಕೆ ಮೂರು ದಿನ ಮೊದಲು, ಮಾರ್ಚ್ 24ರ ರಾತ್ರಿ, ಕೆಲವೇ ಗಂಟೆಗಳ ಮುನ್ಸೂಚನೆಯಲ್ಲಿ ನಮ್ಮ ದೇಶ ಬಾಗಿಲು ಹಾಕಿಕೊಂಡಿತ್ತು. ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗಿದ್ದ ಉತ್ತರ ಕರ್ನಾಟಕದ ಕುಟುಂಬಗಳು ಗಂಟುಮೂಟೆ ಹೊತ್ತು ಊರ ದಾರಿ ಹಿಡಿದವು. ಮನೆಯೊಳಗೆ ಕುಳಿತು ಆ ಧ್ಯಾನವನ್ನು ಟಿವಿಯಲ್ಲಿ ನೋಡಿದವರೂ ಹೆದ್ದಾರಿಯಲ್ಲಿ ಮಗುವನ್ನು ಹೊತ್ತು ನಡೆದವರೂ ಒಂದೇ ಗಾಳಿಗೆ ಸಿಕ್ಕಿದ್ದರು. ಒಂದೇ ದೋಣಿಯಲ್ಲಿ ಇರಲಿಲ್ಲ. ಮತ್ತಾಯನ ದೋಣಿ ಒಂದೇ, ಅದು ಧರ್ಮಸಭೆ. ಮಾರ್ಕನ ಸರೋವರದಲ್ಲಿ ದೋಣಿಗಳು ಹಲವು. ಐಕ್ಯವನ್ನು ಸಾರಬೇಕಾದ ಸಂಜೆ ಒಂದೇ ದೋಣಿಯ ರೂಪಕ ಬಂದದ್ದು ಸಹಜ. ಆದರೆ ನಮ್ಮ ನೆಲದಲ್ಲಿ ಅದನ್ನು ಪುನರುಚ್ಚರಿಸುವ ಪ್ರಬೋಧಕ ಮಾರ್ಕನ ಬಹುವಚನವನ್ನು ಜೊತೆಗೆ ತರಬೇಕು.

ನಮ್ಮ ಸೀಮೆಗೆ ಈ ಬಹುವಚನ ಹೊಸದಲ್ಲ. 2009ರಲ್ಲಿ ಮುಂಗಾರು ಕೈಕೊಟ್ಟು ದೇಶವೇ ಬರ ಕಂಡಿತು. ಅದರ ಬೆನ್ನಿಗೇ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ದಿನಗಳವರೆಗೆ ಸುರಿದ ಮಳೆಗೆ ಉತ್ತರ ಕರ್ನಾಟಕ ಮುಳುಗಿತು. ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ತುಂಗಭದ್ರೆ ಮತ್ತು ಹಗರಿಯ ದಂಡೆಯ ಸಿರುಗುಪ್ಪದ ಹಳ್ಳಿಗಳಿಗೆ ನೀರು ನುಗ್ಗಿತು. ಮಳೆ ಎಲ್ಲರ ಮೇಲೂ ಸುರಿಯಿತು; ಮಣ್ಣಿನ ಗೋಡೆ ಬಿದ್ದದ್ದು ಮಣ್ಣಿನ ಮನೆಯವರದು. ನೆರೆಯ ಪಾಠಗಳನ್ನು ಬೋಧಿಸಲು ನಮಗೆ ಒಂದು ಭಾನುವಾರ ಸಾಕಾಯಿತು. 'ಆಸರೆ' ಯೋಜನೆಯ ಮನೆಗಳು ಏಳಲು ವರ್ಷಗಳು ಹಿಡಿದವು. ಇಂದು ರೂಪನಗುಡಿ ಸುತ್ತಿನ ಎರೆಹೊಲವಾಗಲಿ ಸಿರುಗುಪ್ಪದ ಗದ್ದೆಯಾಗಲಿ, ಒಂದು ಬೆಳೆ ಹೋದರೆ ಒಡೆಯನ ದೋಣಿ ಒಂದು, ಗುತ್ತಿಗೆಗೆ ಹಿಡಿದವನ ದೋಣಿ ಇನ್ನೊಂದು, ನಾಟಿಯ ಕೂಲಿಯನ್ನೇ ನೆಚ್ಚಿದ ಹೆಂಗಸಿನ ದೋಣಿ ಮತ್ತೊಂದು. ಬೆಳೆಹಾನಿಯ ಪರಿಹಾರ ಪಹಣಿಯಲ್ಲಿ ಹೆಸರಿದ್ದವರ ಕಡೆಗೆ ಹೋಗುತ್ತದೆ. ನಾಟಿಯ ದಿನಗಳನ್ನು ಕಳೆದುಕೊಂಡವಳ ಹೆಸರು ಯಾವ ಪಹಣಿಯಲ್ಲಿಯೂ ಇಲ್ಲ. ನಮ್ಮ ಧರ್ಮಕೇಂದ್ರಗಳಲ್ಲಿ ಕೊನೆಯ ಬೆಂಚಿನಲ್ಲಿ ಕೂರುವವರು ಹೆಚ್ಚಾಗಿ ಅವಳಂಥವರೇ.

5. ಪಾಠದ ವ್ಯಾಕರಣ

ಇಲ್ಲಿ ಒಂದು ಆಕ್ಷೇಪಣೆ ಏಳುವುದು ನ್ಯಾಯವಾದದ್ದು. ಸಂಕಟದಿಂದ ಕಲಿಯಬಹುದೆಂದು ಪವಿತ್ರ ಗ್ರಂಥವೇ ಹೇಳುವುದಿಲ್ಲವೇ? ಸಂಕಟ ತಾಳ್ಮೆಯನ್ನೂ, ತಾಳ್ಮೆ ಸದ್ಗುಣವನ್ನೂ, ಅದು ಭರವಸೆಯನ್ನೂ ಹುಟ್ಟಿಸುತ್ತದೆ ಎಂಬ ಪೌಲನ ಸರಪಳಿ (ರೋಮ 5:3–5), ತಂದೆಯ ಶಿಕ್ಷಣವನ್ನು ಕುರಿತ ಹಿಬ್ರಿಯರ ಪತ್ರದ ಬೋಧನೆ (12:5–11) ಇವೆಲ್ಲ ಏನು? ಪಾಠವನ್ನೇ ಬಿಟ್ಟರೆ ಶಿಲುಬೆಯ ದೈವಶಾಸ್ತ್ರ ಏನಾಗುತ್ತದೆ?

ಪಾಠವನ್ನು ಬಿಡಬೇಕೆಂಬುದು ನನ್ನ ವಾದವಲ್ಲ. ಆ ವಾಕ್ಯಗಳ ವ್ಯಾಕರಣವನ್ನು ಗಮನಿಸಬೇಕೆಂಬುದು ನನ್ನ ವಾದ. ಸಂಕಟಗಳಲ್ಲಿಯೂ ಹೆಮ್ಮೆಪಡುತ್ತೇವೆ ಎಂದ ಪೌಲ ಮೂರು ಸಾರಿ ಹಡಗೊಡೆದು, ಒಂದು ಹಗಲು ಒಂದು ರಾತ್ರಿ ಸಮುದ್ರದಲ್ಲಿ ಕಳೆದವನು (2 ಕೊರಿಂಥ 11:25). ಅಸಿಯಾದಲ್ಲಿ ಬದುಕುವ ಆಸೆಯೇ ಬತ್ತಿಹೋಗಿ, ಸತ್ತವರನ್ನು ಎಬ್ಬಿಸುವ ದೇವರನ್ನೇ ನೆಚ್ಚಲು ಕಲಿತೆವು ಎಂದು ಅವನು ತನ್ನ ಬಗೆಗೆ ಬರೆಯುತ್ತಾನೆ (2 ಕೊರಿಂಥ 1:8–9). ಹಿಬ್ರಿಯರ ಪತ್ರ ಶಿಕ್ಷಣದ ಮಾತೆತ್ತುವುದು ಶಿಲುಬೆಯನ್ನು ಸಹಿಸಿದ ಯೇಸುವಿನ ಕಡೆಗೆ ಕಣ್ಣು ತಿರುಗಿಸಿದ ಮೇಲೆ. ಇವು ಸಾಕ್ಷ್ಯಗಳು. ದೋಣಿಯಲ್ಲಿದ್ದವನು, ನಾನು ಇದನ್ನು ಕಲಿತೆ ಎಂದರೆ ಅದು ಸಾಕ್ಷ್ಯ. ದಡದಲ್ಲಿ ನಿಂತವನು, ನೀನು ಇದನ್ನು ಕಲಿಯಬೇಕು ಎಂದರೆ ಅದು ತೀರ್ಪು. ಮಾತು ಅದೇ ಇರಬಹುದು. ಪುರುಷ ಬದಲಾದೊಡನೆ ಅದರ ಸತ್ಯ ಬದಲಾಗುತ್ತದೆ.

ಯೋಬನ ಸ್ನೇಹಿತರ ದುರಂತ ಇದೇ. ಅವರು ಏಳು ದಿನ ನೆಲದ ಮೇಲೆ ಅವನೊಡನೆ ಮೌನವಾಗಿ ಕುಳಿತಾಗ (2:13) ಅವರಷ್ಟು ಒಳ್ಳೆಯ ಗುರುಗಳಿರಲಿಲ್ಲ. ಬಾಯಿ ತೆರೆದ ಮೇಲೆ ಅವರು ಆಡಿದ ಎಷ್ಟೋ ಮಾತುಗಳು ಬೇರೆಡೆ ಸತ್ಯವಾಗಬಹುದಾದ ಮಾತುಗಳೇ. ಆದರೂ ತನ್ನ ವಿಷಯದಲ್ಲಿ ಅವರು ಸರಿಯಾಗಿ ಮಾತನಾಡಲಿಲ್ಲವೆಂದು ದೇವರು ಸಿಟ್ಟಾದರು, ದೂರಿದ ಯೋಬನನ್ನು ಮೆಚ್ಚಿದರು (42:7). ಮಾರ್ಕನ ಬಿರುಗಾಳಿಯ ಭಾನುವಾರ ಮೊದಲ ವಾಚನವಾಗಿ ನಾವು ಓದುವುದು ಯೋಬನ ಗ್ರಂಥವನ್ನೇ (38:1, 8–11): ಸುಂಟರಗಾಳಿಯೊಳಗಿಂದ ದೇವರು ಸಮುದ್ರಕ್ಕೆ ಗಡಿ ಹಾಕಿದ್ದನ್ನು ಹೇಳುತ್ತಾರೆ. ಅಲ್ಲಿ ಗಮನಿಸಬೇಕಾದದ್ದು, ಆ ದೀರ್ಘ ಉತ್ತರದಲ್ಲಿ ಯೋಬನ ಸಂಕಟಕ್ಕೆ ಕಾರಣವನ್ನಾಗಲಿ ಅದರ ಪಾಠವನ್ನಾಗಲಿ ದೇವರು ಹೇಳುವುದಿಲ್ಲ. ದೇವರೇ ಹೇಳದೆ ಬಿಟ್ಟದ್ದನ್ನು ಹತ್ತು ನಿಮಿಷದ ಪ್ರಬೋಧನೆಯಲ್ಲಿ ನಾವು ಮೂರು ಅಂಶಗಳಾಗಿ ಹೇಳಿ ಮುಗಿಸುತ್ತೇವೆ.

ಪರರ ಸಂಕಟವನ್ನು ಪಾಠವಾಗಿಸುವ ಹವ್ಯಾಸ ಎಲ್ಲಿಗೆ ಮುಟ್ಟಬಲ್ಲದು ಎಂಬುದಕ್ಕೆ ಬಳ್ಳಾರಿಯ ಚರಿತ್ರೆಯಲ್ಲಿ ಒಂದು ಕಠೋರ ಉದಾಹರಣೆಯಿದೆ. 1876–78ರ ಮಹಾಕ್ಷಾಮದಲ್ಲಿ ಮದ್ರಾಸ್ ಪ್ರಾಂತ್ಯದ ಅತಿಯಾಗಿ ನೊಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. 1871 ಮತ್ತು 1881ರ ಜನಗಣತಿಗಳ ನಡುವೆ ಇಲ್ಲಿನ ಜನಸಂಖ್ಯೆ ಸುಮಾರು ಐದನೆಯ ಒಂದು ಭಾಗದಷ್ಟು ಕುಸಿಯಿತು. ಧಾರಾಳವಾದ ಪರಿಹಾರ ಜನರನ್ನು ಸೋಮಾರಿಗಳನ್ನಾಗಿಸುವುದೆಂಬ ನಂಬಿಕೆಯಿಂದ 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಅಲ್ಪ ಕಾಸಿನ ಮಟ್ಟಕ್ಕೆ ಇಳಿಸಿದರು. ಪ್ರಾಂತ್ಯದ ಆರೋಗ್ಯಾಧಿಕಾರಿ ಡಾ. ಕಾರ್ನಿಷ್ ಅದನ್ನು ಪ್ರತಿಭಟಿಸಿದರು. ಹಸಿದವನಿಗೆ ಸ್ವಾವಲಂಬನೆಯ ಪಾಠ ಕಲಿಸಹೊರಟ ಆಡಳಿತದ ತರ್ಕಕ್ಕೂ, ಮುಳುಗುವವನಿಗೆ ವಿಶ್ವಾಸದ ಪಾಠ ಕಲಿಸಹೊರಟ ಪ್ರಬೋಧನೆಯ ತರ್ಕಕ್ಕೂ ಇರುವ ಅಂತರ ನಾವು ಅಂದುಕೊಂಡಷ್ಟು ದೊಡ್ಡದಲ್ಲ. ಎರಡೂ ಕಡೆ ಬೋಧಕನ ಹೊಟ್ಟೆ ತುಂಬಿರುತ್ತದೆ.

ಅದೇ ಕ್ಷಾಮದಲ್ಲಿ, ಅದೇ ಪ್ರಾಂತ್ಯದ ಒಂಗೋಲಿನಲ್ಲಿ ಇನ್ನೊಂದು ಬಗೆಯ ವಿವೇಕವೂ ಕಂಡಿತು. ಅಮೆರಿಕದ ಬ್ಯಾಪ್ಟಿಸ್ಟ್ ಮಿಷನರಿ ಜಾನ್ ಕ್ಲೌ ಬಕಿಂಗ್‌ಹ್ಯಾಮ್ ಕಾಲುವೆಯ ಒಂದು ಭಾಗವನ್ನು ಅಗೆಯುವ ಗುತ್ತಿಗೆಯನ್ನು ತಾವೇ ಹಿಡಿದು ಹಸಿದವರಿಗೆ ಕೂಲಿ ಕೊಡಿಸಿದರು. ಜನ ದೀಕ್ಷಾಸ್ನಾನ ಬೇಡಿ ಬಂದರೂ, ಪರಿಹಾರ ಕಾರ್ಯ ನಡೆಯುತ್ತಿದ್ದಷ್ಟು ಕಾಲ ಅವರು ಕೊಡಲಿಲ್ಲ. ಅನ್ನದ ಋಣ ವಿಶ್ವಾಸದ ನಿರ್ಧಾರದೊಳಗೆ ಬೆರೆಯಬಾರದೆಂಬ ಎಚ್ಚರ ಅದು. ಆ ಕೆಲಸ ಮುಗಿದ ಮೇಲೆ 1878ರ ಜುಲೈ 3ರಂದು ಒಂದೇ ದಿನ 2,222 ಜನ ದೀಕ್ಷಾಸ್ನಾನ ಪಡೆದರು. ನಾವು ಹೆಮ್ಮೆಯಿಂದಲೋ ಮತ್ಸರದಿಂದಲೋ ಆ ಸಂಖ್ಯೆಯನ್ನು ನೆನೆಯುತ್ತೇವೆ. ನೆನೆಯಬೇಕಾದದ್ದು ಅದಕ್ಕೆ ಮುಂಚಿನ ಕಾಯುವಿಕೆಯನ್ನು. ಮೊದಲು ಕಾಲುವೆ, ಆಮೇಲೆ ಕರೆ. ಬೇರೆ ಸಭೆಯವರಾದರೂ ಮಾರ್ಕನ ಅನುಕ್ರಮವನ್ನು ಅವರು ನಡೆದು ತೋರಿಸಿದರು.

6. ಪ್ರಬೋಧಕನಿಗೆ ಉಳಿಯುವ ಕೆಲಸ

ಹಾಗಾದರೆ ಬಿರುಗಾಳಿಯ ಮರುದಿನ ಬಲಿಪೀಠದಲ್ಲಿ ನಿಂತ ಗುರು ಏನು ಹೇಳಬೇಕು? ಗುರುಮಠದಲ್ಲಿ ಅಭ್ಯಾಸ ಪ್ರಬೋಧನೆಗಳನ್ನು ಕೇಳುವಾಗ ನನ್ನ ಮುಂದೆ ಬರುವ ಪ್ರಶ್ನೆ ಇದೇ. ಮೇಲಿನ ವಿಮರ್ಶೆಯಿಂದ ಮೂರು ಕರ್ತವ್ಯಗಳು ಹೊರಡುತ್ತವೆ.

ಒಂದು, ದೂರಿಗೆ ಜಾಗ ಕೊಡುವುದು. ಮಾರ್ಕನ ಶಿಷ್ಯರ ಕೂಗನ್ನು ಪ್ರಾರ್ಥನೆಯಾಗಿ ತಿದ್ದದೆ, ಇದ್ದ ಹಾಗೆ ಸಭೆಯ ಮುಂದೆ ಇಡಬೇಕು. ಕೀರ್ತನೆಗಳ ಗ್ರಂಥದ ಬಹುಭಾಗ ಇಂಥ ದೂರುಗಳಿಂದಲೇ ತುಂಬಿದೆ. ದೂರುವವನು ವಿಶ್ವಾಸ ಕಳೆದುಕೊಂಡವನಲ್ಲ. ಎಬ್ಬಿಸಿದರೆ ಏಳುವವರು ದೋಣಿಯಲ್ಲಿದ್ದಾರೆ ಎಂದು ಬಲ್ಲವನು.

ಎರಡು, ಬಿರುಗಾಳಿಯನ್ನು ಅದರ ನಿಜವಾದ ಹೆಸರಿನಿಂದ ಕರೆಯುವುದು. ಗಾಳಿಯಾದರೆ ಗಾಳಿ, ಸರಪಳಿಯಾದರೆ ಸರಪಳಿ, ಬಡ್ಡಿಯಾದರೆ ಬಡ್ಡಿ. ಇದು ರಾಜಕೀಯ ಭಾಷಣವಲ್ಲ. ಚುಕ್ಕಾಣಿಗನ ಮತ್ತು ಹಡಗಿನ ಒಡೆಯನ ಪಾತ್ರವನ್ನು ಪವಿತ್ರ ಗ್ರಂಥದಲ್ಲಿ ಬರೆದಿಟ್ಟ ಲೂಕನ ಪ್ರಾಮಾಣಿಕತೆ.

ಮೂರು, ಪಾಠಕ್ಕಾಗಿ ಕಾಯುವುದು ಮತ್ತು ಅದನ್ನು ನೊಂದವರ ಬಾಯಿಂದ ಕೇಳುವುದು. ಗಾಳಿ ನಿಂತ ಮೇಲೆ ಯೇಸು ಪ್ರಶ್ನೆ ಕೇಳಿದರು, ನಿಜ. ಆದರೆ ಅದಕ್ಕೆ ಉತ್ತರವನ್ನು ತಾವೇ ಹೇಳಲಿಲ್ಲ. ಪ್ರಸಂಗ ಮುಗಿಯುವುದು ಶಿಷ್ಯರು ತಮ್ಮ ತಮ್ಮೊಳಗೆ ಕೇಳಿಕೊಂಡ ಇನ್ನೊಂದು ಪ್ರಶ್ನೆಯೊಂದಿಗೆ: ಗಾಳಿಯೂ ಸರೋವರವೂ ವಿಧೇಯವಾಗುವ ಈತನಾರು (4:41). ಮಾರ್ಕನಲ್ಲಿ ಬಿರುಗಾಳಿ ಹುಟ್ಟಿಸಿದ್ದು ನೀತಿಯನ್ನಲ್ಲ, ಕ್ರಿಸ್ತನ ಕುರಿತ ಬೆರಗನ್ನು. ಆ ಬೆರಗು ಅವರೊಳಗೆ ಹುಟ್ಟಿತು, ಅವರ ಬಾಯಲ್ಲಿ ಬಂತು. ಒಂದು ಧರ್ಮಕೇಂದ್ರದಲ್ಲಿ ಬೆಳೆ ಕಳೆದುಕೊಂಡ ವರ್ಷದ ನಂತರ ಒಬ್ಬ ತಾಯಿ ಎದ್ದು ನಿಂತು ಆ ವರ್ಷ ತನ್ನನ್ನು ಯಾರು ಹಿಡಿದು ನಿಲ್ಲಿಸಿದರು ಎಂದು ಹೇಳಿದರೆ, ಅದು ಆ ಸಭೆಗೆ ಸಿಕ್ಕ ಬಿರುಗಾಳಿಯ ಪಾಠ. ಅಲ್ಲಿಯವರೆಗೆ ಗುರುವಿನ ಕೆಲಸ ನೀರು ತೋಡುವುದು.

ಆಚೆಯ ದಡವನ್ನೂ ಮರೆಯಬಾರದು. ಬಿರುಗಾಳಿಯ ಕಥೆ ಶಾಂತಿಯಲ್ಲಿ ಮುಗಿಯುವುದಿಲ್ಲ. ದೋಣಿ ಗೆರಸೇನರ ನಾಡನ್ನು ಮುಟ್ಟುತ್ತದೆ, ಗೋರಿಗಳ ನಡುವೆ ಸರಪಳಿಗಳನ್ನು ಹರಿದುಕೊಂಡು ಕೂಗುತ್ತಿದ್ದ ಒಬ್ಬ ಮನುಷ್ಯ ಅಲ್ಲಿ ಎದುರಾಗುತ್ತಾನೆ (5:1–20). ಯೇಸು ಆ ಸಂಜೆ ಸರೋವರ ದಾಟಿ ತಲುಪಿದ್ದು ಅವನನ್ನು. ನಮ್ಮ ಪ್ರಬೋಧನೆಗಳು ದೋಣಿಯಲ್ಲಿಯೇ ನಿಂತು ಪಾಠ ಎಣಿಸುತ್ತಿರುವಷ್ಟು ಹೊತ್ತು ಅವನು ಕೂಗುತ್ತಲೇ ಇರುತ್ತಾನೆ.